ದಾದಿಯರಿಗೆ ಹಾರ ಬೇಡ, ಅಧಿಕಾರ ಬೇಕು

ಮೇ 12ರಂದು ನಮ್ಮ ಊರಿನ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ ಎದ್ದಿತ್ತು. ದಾದಿಯರ ದಿನಾಚರಣೆ. ವೇದಿಕೆಯ ಮೇಲೆ ಹನ್ನೊಂದು ಕುರ್ಚಿ. ಜನಪ್ರತಿನಿಧಿಗಳು, ಅಧಿಕಾರಿಗಳು, ವೈದ್ಯ ಮಹಾಶಯರು, ಫ್ಯಾನು ದಾನ ಮಾಡಿದ ಇಬ್ಬರು ಶ್ರೀಮಂತರು. ನಾವು ಎರಡು ಸಲ ಎಣಿಸಿದೆವು. ಅವರಲ್ಲಿ ದಾದಿ ಒಬ್ಬಳೂ ಇರಲಿಲ್ಲ. ದಾದಿಯರು ಕೆಳಗೆ ಬಿಸಿಲಿನಲ್ಲಿ ಮೇಣದ ಬತ್ತಿ ಹಿಡಿದು ನಿಂತಿದ್ದರು. ಮೇಲಿನಿಂದ ಹೊಗಳಿಕೆಯ ಮಳೆ ಸುರಿಯಿತು: ಮಮತೆಯ ಮೂರ್ತಿಗಳು, ತ್ಯಾಗಮಯಿಗಳು, ಎರಡನೆಯ ತಾಯಂದಿರು!

ಒಬ್ಬರು ಫ್ಲಾರೆನ್ಸ್ ನೈಟಿಂಗೇಲರನ್ನು ದೀಪ ಹಿಡಿದ ದೇವತೆ ಎಂದರು. ಆ ದೇವತೆ ಕ್ರಿಮಿಯಾ ಯುದ್ಧದಿಂದ ಮರಳಿದ ಮೇಲೆ ಸತ್ತ ಸಿಪಾಯಿಗಳ ಲೆಕ್ಕ ಕೂಡಿಸಿ, ಗಾಯಕ್ಕಿಂತ ಕೊಳಕಿನಿಂದ ಬಂದ ರೋಗಕ್ಕೇ ಹೆಚ್ಚು ಮಂದಿ ಸತ್ತರೆಂದು ನಕ್ಷೆ ಬರೆದು, ಬ್ರಿಟಿಷ್ ಸರ್ಕಾರದ ಸೇನಾಡಳಿತದೊಡನೆ ವರ್ಷಗಟ್ಟಲೆ ಕಾದಾಡಿದ ಹೆಂಗಸು ಎಂಬುದನ್ನು ಯಾರೂ ಹೇಳಲಿಲ್ಲ. ದೀಪ ನೆನಪಿದೆ, ಜಗಳ ಮರೆತುಹೋಗಿದೆ.

ಈಗ ಇನ್ನೊಂದು ಹೊಸ ವೇಷ ಬಂದಿದೆ. ಖಾಸಗಿ ಆಸ್ಪತ್ರೆಗಳ ಗೋಡೆಯ ಮೇಲೆ 'ಶುಶ್ರೂಷೆಯಲ್ಲಿ ಶ್ರೇಷ್ಠತೆ' ಎಂಬ ಫಲಕ ತೂಗಾಡುತ್ತದೆ. ಇಂಥ ಬಿರುದುಗಳ ಹುಟ್ಟೂರು ಅಮೆರಿಕ. ಅಲ್ಲಿ ದಾದಿಯರು ಕೆಲಸ ಬಿಟ್ಟು ಹೋಗುತ್ತಿದ್ದ ಕಾಲದಲ್ಲಿ ದಾದಿಯರದೇ ಒಂದು ವಿದ್ವತ್ ಸಂಸ್ಥೆ 163 ಆಸ್ಪತ್ರೆಗಳನ್ನು ಪರಿಶೀಲಿಸಿತು. ದಾದಿಯರು ಬಿಟ್ಟುಹೋಗದೆ ನಿಂತ 41 ಆಸ್ಪತ್ರೆಗಳನ್ನು ಆರಿಸಿ, ಅವುಗಳನ್ನು ಅಯಸ್ಕಾಂತಕ್ಕೆ ಹೋಲಿಸಿ 1983ರಲ್ಲಿ ವರದಿ ಕೊಟ್ಟಿತು. ಅವರು ಏಕೆ ನಿಂತರು? ಹಾರ ಹಾಕಿದ್ದರಿಂದಲ್ಲ. ಅಲ್ಲಿ ಪಾಳಿಗೆ ಸಾಕಷ್ಟು ಜನರಿದ್ದರು. ತಮ್ಮ ಕೆಲಸದ ವಿಷಯದಲ್ಲಿ ತಾವೇ ತೀರ್ಮಾನಿಸುವ ಸ್ವಾತಂತ್ರ್ಯವಿತ್ತು. ಮುಖ್ಯ ದಾದಿಗೆ ಆಡಳಿತದಲ್ಲಿ ಸ್ಥಾನವಿತ್ತು. ಬಂಡವಳಗಾರರ ಆ ದೇಶದಲ್ಲೇ ಇಷ್ಟನ್ನು ಒಪ್ಪಬೇಕಾಯಿತು. ನಮ್ಮ ಧಣಿಗಳು ಬಿರುದನ್ನು ಮಾತ್ರ ಹಡಗಿನಿಂದ ಇಳಿಸಿಕೊಂಡರು, ಕಾರಣವನ್ನು ಹಡಗಿನಲ್ಲೇ ಬಿಟ್ಟರು.

ಸರ್ಕಾರದ್ದು ಬೇರೆ ಜಾಣತನ. ನಮ್ಮ ರಾಜ್ಯದಲ್ಲಿ ದಾದಿಗೆ ಈಗ 'ಶುಶ್ರೂಷಾಧಿಕಾರಿ' ಎಂಬ ಪದನಾಮ. ಹೆಸರಿಗೆ ಅಧಿಕಾರಿ ಬಂತು, ಕೈಗೆ ಅಧಿಕಾರ ಬರಲಿಲ್ಲ.

ಕಾರ್ಮಿಕ ಬಂಧುಗಳೇ, ಅಂಗಡಿಕಾರ ಮಿತ್ರರೇ, ಒಂದು ಲೆಕ್ಕ ಮಾಡೋಣ. ಮೂರನೆಯ ತರಗತಿಯ ಲೆಕ್ಕ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಮೂರು ಹಾಸಿಗೆಗೆ ಒಬ್ಬ ದಾದಿ, ರಜೆಯ ಬದಲಿಗೆಂದು ನೂರಕ್ಕೆ 30ರಷ್ಟು ಹೆಚ್ಚು ಜನ ಇರಬೇಕೆಂದು ಭಾರತೀಯ ಶುಶ್ರೂಷಾ ಪರಿಷತ್ತಿನ ಸೂತ್ರ. 30 ಹಾಸಿಗೆಯ ಬಾಣಂತಿ ವಾರ್ಡಿಗೆ 10 ಮತ್ತು 3, ಒಟ್ಟು 13. ಮೂರು ಪಾಳಿಗೆ ಹಂಚಿ, ರಜೆ ಕಳೆದರೆ ಪಾಳಿಗೆ ಮೂವರು. ಸರ್ಕಾರ ಎಣಿಸುವುದು ಹಾಸಿಗೆಯನ್ನು. ಬಾಣಂತಿ ವಾರ್ಡಿನಲ್ಲಿ ಹಾಸಿಗೆ ಒಂದು, ಜೀವ ಎರಡು. ಸೂತ್ರವೇ ಹಾಗಾದರೆ, ಸೂತ್ರವನ್ನೂ ಗಾಳಿಗೆ ತೂರಿದ ಕಡೆ ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ ಇರುತ್ತಾರೆಂದು ಹೆಂಡತಿಯ ಹೆರಿಗೆಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಬೆಳಗು ಮಾಡಿದ ನೀವೇ ಹೇಳಿ.

ಹೆರಿಗೆಯಾದ ಮೊದಲ ಎರಡು ಗಂಟೆ ಕಾಲು ಗಂಟೆಗೊಮ್ಮೆ ನಾಡಿ ನೋಡಬೇಕು, ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು, ರಕ್ತಸ್ರಾವ ನೋಡಬೇಕು. ಒಂದೇ ರಾತ್ರಿ ನಾಲ್ವರು ಹೆತ್ತರೆ ಗಂಟೆಗೆ ಹದಿನಾರು ಸಲ. ದಾದಿ ಒಬ್ಬಳೇ ಆದರೆ ಒಂದೊಂದಕ್ಕೆ ನಾಲ್ಕು ನಿಮಿಷವೂ ಇಲ್ಲ. ಈ ನಡುವೆ ಕೂಸಿಗೆ ಮೈ ತಣ್ಣಗಾಗದಂತೆ ನೋಡಬೇಕು, ಮೊದಲ ಗಂಟೆಯಲ್ಲೇ ಮೊಲೆ ಹಾಲು ಕುಡಿಸಬೇಕು, ರಿಜಿಸ್ಟರು ತುಂಬಬೇಕು. ಮಗ್ಗಕ್ಕೆ ಎಷ್ಟು ಜನ ಎಂದು ಗಿರಣಿಯಲ್ಲಿ ಹೋರಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಅಧಿಕಾರದ ಮಾತು. ನಮ್ಮ ದೇಶದ ಬಾಣಂತಿಯರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕೊಲ್ಲುವುದು ಹೆರಿಗೆಯ ನಂತರದ ರಕ್ತಸ್ರಾವ. ಅದು ಡಾಕ್ಟರು ಬರುವವರೆಗೆ ಕಾಯುವುದಿಲ್ಲ. ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾ ದೇಶಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಹೆರಿಗೆಗಳ ಮೇಲೆ ನಡೆಸಿದ ಒಂದು ಪ್ರಯೋಗದ ಫಲ 2023ರಲ್ಲಿ ಪ್ರಕಟವಾಯಿತು. ಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳುವ ಬದಲು ಗೆರೆ ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಅಳೆದರು. ಗೆರೆ ದಾಟಿದರೆ ಗರ್ಭಕೋಶ ನೀವುವುದು, ಸೂಜಿಮದ್ದು, ರಕ್ತ ಹೆಪ್ಪುಗಟ್ಟಿಸುವ ಮದ್ದು, ನರಕ್ಕೆ ದ್ರಾವಣ, ಇವನ್ನು ಒಂದರ ನಂತರ ಒಂದೆಂದು ಕಾಯದೆ ಒಟ್ಟಿಗೇ ಕೊಟ್ಟರು. ಹೆಚ್ಚಿನ ಕಡೆ ಇದನ್ನೆಲ್ಲ ಮಾಡಿದವರು ಹೆರಿಗೆ ಮಾಡಿಸುವ ದಾದಿಯರೇ. ವಿಪರೀತ ರಕ್ತಸ್ರಾವದಂಥ ಘೋರ ಪರಿಣಾಮಗಳು ನೂರಕ್ಕೆ ಅರವತ್ತರಷ್ಟು ಇಳಿದವು. ಒಂದು ಚೀಲ, ಕೈಗೆಟುಕುವಲ್ಲಿ ಮದ್ದು, 'ನೀನೇ ಮಾಡು' ಎಂಬ ಅನುಮತಿ. ಇದಕ್ಕೆ ಯಾವ ಕೋಟಿಯ ಯಂತ್ರ ಬೇಕು?

ನಮ್ಮಲ್ಲೂ ಇಂಥ ಕೆಲಸ ನಡೆದಿಲ್ಲವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯನ್ನು ಮೊದಲು ಪರೀಕ್ಷಿಸಿ ನೋಡಿದ್ದು ನಮ್ಮ ರಾಜ್ಯದ್ದೇ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ. ಪ್ರತಿ ಹೆರಿಗೆಗೂ ಮಾಡಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಮಾತ್ರ ಆಗುತ್ತಿದ್ದವು, ಪಟ್ಟಿ ಬಂದ ಮೇಲೆ 25 ಆದವು. ಆದರೆ ಅದೇ ಪಟ್ಟಿಯನ್ನು ಉತ್ತರ ಪ್ರದೇಶದ 60 ಆಸ್ಪತ್ರೆಗಳಿಗೆ ಒಯ್ದು, ಪಟ್ಟಿ ಇಲ್ಲದ ಬೇರೆ 60ರೊಡನೆ ಹೋಲಿಸಿ ನೋಡಿದಾಗ, ಕೆಲಸದ ರೀತಿ ಸುಧಾರಿಸಿತು, ಸಾವು ಮಾತ್ರ ಇಳಿಯಲಿಲ್ಲ ಎಂದು 2017ರ ವರದಿ ಹೇಳಿತು. ಕಲಿಸಿಕೊಡುವವರ ಭೇಟಿ ನಿಂತ ಮೇಲೆ ಆ ಸುಧಾರಣೆಯೂ ಸಡಿಲವಾಯಿತು. ನಮಗೆ ಅನುಕೂಲವಾದ ಅಂಕಿಯನ್ನು ಮಾತ್ರ ಹೇಳಿ ಉಳಿದದ್ದನ್ನು ಮುಚ್ಚಿಡುವುದು ಈ ಪತ್ರಿಕೆಯ ಪದ್ಧತಿಯಲ್ಲ. ಮೇಲಿನಿಂದ ಕಾಗದ ಕಳಿಸಿದರೆ ಸಾಲದು. ಜನ ಬೇಕು, ಮದ್ದು ಬೇಕು, ಕೈಗೆ ಅಧಿಕಾರ ಬೇಕು ಎಂದು ನಾವು ಇದರಿಂದ ತಿಳಿಯುತ್ತೇವೆ.

ಬಳ್ಳಾರಿಯನ್ನು ಮರೆಯಬೇಡಿ. 2024ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಕಾಯಿಲೆ ಬಿದ್ದರು, ಐವರು ಸತ್ತರು. ನರಕ್ಕೆ ಹಾಕಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂದು ಸರ್ಕಾರ ಅದರ ಬಳಕೆ ನಿಲ್ಲಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಬಾಟಲಿಯನ್ನು ಕೊಳ್ಳುವವರು ರಾಜಧಾನಿಯಲ್ಲಿದ್ದಾರೆ, ಪರೀಕ್ಷಿಸುವವರು ಪ್ರಯೋಗಶಾಲೆಯಲ್ಲಿದ್ದಾರೆ, ಅದನ್ನು ಕಂಬಕ್ಕೆ ತೂಗುಹಾಕಿ ರೋಗಿಯ ಮುಖ ನೋಡುವವಳು ದಾದಿ. ಮೊದಲನೆಯವಳಿಗೆ ಚಳಿ ಹತ್ತಿದಾಗ 'ಈ ಪೆಟ್ಟಿಗೆಯದು ಇನ್ನು ಬೇಡ' ಎಂದು ತಡೆಹಿಡಿಯುವ ಹಕ್ಕು ನಮ್ಮ ಯಾವ ಆಸ್ಪತ್ರೆಯ ದಾದಿಗೆ ಇದೆ? ಹಾಗೆ ತಡೆದವಳಿಗೆ ಮರುದಿನ ನೋಟೀಸು ಬರುವುದಿಲ್ಲವೆಂದು ಯಾರು ಬರೆದುಕೊಡುತ್ತಾರೆ?

ಸಂಬಳದ ಮಾತು ಬಂದರೆ ಶ್ರೇಷ್ಠತೆಯ ಫಲಕದವರಿಗೆ ಕಿವಿ ಕೇಳಿಸುವುದಿಲ್ಲ. ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ನೇಮಕವಾದ ಸಮಿತಿ, 200 ಹಾಸಿಗೆ ಮೀರಿದ ಖಾಸಗಿ ಆಸ್ಪತ್ರೆಗಳು ದಾದಿಯರಿಗೆ ರಾಜ್ಯ ಸರ್ಕಾರದ ದಾದಿಯರಷ್ಟೇ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯವು ಕೂಡ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದಿತು. ಸಮಿತಿ ಹೇಳಿದ್ದು ತಾನಾಗಿ ಆಗುತ್ತದೆಯೇ? ಕೇರಳದ ದಾದಿಯರು ಸಂಘ ಕಟ್ಟಿ, ಮುಷ್ಕರಕ್ಕೆ ಸನ್ನದ್ಧರಾಗಿ ನಿಂತ ಮೇಲೆ 2018ರಲ್ಲಿ ಅಲ್ಲಿನ ಸರ್ಕಾರ ಆ ಮೊತ್ತಕ್ಕೆ ಅಧಿಸೂಚನೆ ಹೊರಡಿಸಿತು.

'ಎಲ್ಲರೂ ಯಜಮಾನರಾದರೆ ಆಸ್ಪತ್ರೆ ನಡೆಯುವುದು ಹೇಗೆ?' ಎಂದು ಒಬ್ಬ ವೈದ್ಯ ಮಿತ್ರರು ನಮ್ಮನ್ನು ಕೇಳಿದರು. ಗಿರಣಿ ಧಣಿಗಳೂ ಇದೇ ಮಾತು ಹೇಳುತ್ತಿದ್ದರು. 1947ರ ಕೈಗಾರಿಕಾ ವಿವಾದ ಕಾಯ್ದೆ ನೂರು ಮಂದಿ ದುಡಿಯುವ ಕಡೆ ಕಾರ್ಮಿಕರು, ಮಾಲೀಕರು ಕೂಡಿ ಕುಳಿತುಕೊಳ್ಳುವ ಸಮಿತಿಗೆ ದಾರಿ ಮಾಡಿತು. 2020ರ ಹೊಸ ಸಂಹಿತೆಯೂ ಅದನ್ನು ತೆಗೆದುಹಾಕಲಿಲ್ಲ. ಅದರಿಂದ ಯಾವ ಗಿರಣಿಯೂ ಮುಳುಗಲಿಲ್ಲ. ಮುಳುಗಿದವು ಬೇರೆ ಕಾರಣಕ್ಕೆ ಮುಳುಗಿದವು, ಅದು ಇನ್ನೊಂದು ಲೇಖನದ ವಿಷಯ. ಶಸ್ತ್ರಚಿಕಿತ್ಸೆಯ ಕತ್ತಿಯನ್ನು ದಾದಿಗೆ ಕೊಡಿ ಎಂದು ನಾವು ಕೇಳುತ್ತಿಲ್ಲ. ಪಾಳಿಗೆ ಎಷ್ಟು ಜನ, ಯಾವ ಮದ್ದು ಎಲ್ಲಿಡಬೇಕು, ಯಾವ ಬಾಟಲಿ ವಾಪಸು ಹೋಗಬೇಕು ಎಂಬ ತೀರ್ಮಾನದಲ್ಲಿ ಆಕೆಯ ಕೈ ಎತ್ತಿದ ಮತ ಬೇಕೆನ್ನುತ್ತೇವೆ.

ನಮ್ಮವರಿಗೂ ಒಂದು ಕಟು ಮಾತು. ಹಾಸಿಗೆ ಸಿಗದಿದ್ದರೆ, ಮದ್ದು ಇಲ್ಲದಿದ್ದರೆ, ನಾವು ಕೂಗಾಡುವುದು ಯಾರ ಮೇಲೆ? ಮಂತ್ರಿಯ ಮೇಲಲ್ಲ, ಎದುರಿಗೆ ಸಿಕ್ಕ ದಾದಿಯ ಮೇಲೆ. ಕೆಂಬಾವುಟ ಹಿಡಿದ ಕೈಯೇ ರಾತ್ರಿ ವಾರ್ಡಿನ ಮೇಜು ಗುದ್ದಿದ್ದನ್ನು ನಾವು ಕಂಡಿದ್ದೇವೆ. ಹೆರುವವಳು ಹೆಂಡತಿ, ಕಾಗದಕ್ಕೆ ಸಹಿ ಗಂಡನದು. ಅದರಲ್ಲಿ ಏನು ಬರೆದಿದೆಯೆಂದು ಅವಳಿಗೆ ಓದಿ ಹೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಲೋಹಿಯಾ ಅವರು ಸಪ್ತ ಕ್ರಾಂತಿಯಲ್ಲಿ ಗಂಡು ಹೆಣ್ಣಿನ ಸಮಾನತೆಯನ್ನು ಮೊದಲಿಗೇ ಇಟ್ಟರು. ನಾವು ಅದನ್ನು ಕೊನೆಗೂ ಇಟ್ಟಂತಿಲ್ಲ.

ಗಿರಣಿಯವರ ಕೂಲಿಯಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಇ.ಎಸ್.ಐ.ಗೆ ಹೋಗುತ್ತದೆ, ಮಾಲೀಕ ಮೂರೂಕಾಲು ತುಂಬುತ್ತಾನೆ. ಅಂಗಡಿಕಾರನಿಗೆ ಅದೂ ಇಲ್ಲ. ಸೊಸೆಯ ಹೆರಿಗೆಗೆ ಬಳೆ ಅಡವಿಡುತ್ತಾನೆ. ಕೇಳುವ ಹಕ್ಕು ಇಬ್ಬರಿಗೂ ಇದೆ. ನಮ್ಮ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ದಾದಿಯರು ತಾವೇ ಆರಿಸಿದ ಇಬ್ಬರು, ಆಯಾಗಳು ಆರಿಸಿದ ಒಬ್ಬರು, ಈ ವರ್ಷ ಅಲ್ಲೇ ಹೆತ್ತ ಒಬ್ಬ ತಾಯಿ ಇರಬೇಕು. ಪ್ರತಿ ಪಾಳಿಯಲ್ಲಿ ದಾದಿಯರೆಷ್ಟು, ರೋಗಿಗಳೆಷ್ಟು, ಕೂಸುಗಳೆಷ್ಟು ಎಂದು ವಾರ್ಡಿನ ಬಾಗಿಲಲ್ಲಿ ಸೀಮೆಸುಣ್ಣದಲ್ಲಿ ಬರೆಯಬೇಕು. ಹೀಗೆಂದು ನಾವು ಅರ್ಜಿ ಕೊಟ್ಟು ಎರಡು ತಿಂಗಳಾಯಿತು. ಸ್ವೀಕೃತಿಯ ಮೊಹರು ಬಿದ್ದಿದೆ, ಉತ್ತರ ಬಂದಿಲ್ಲ. ಅರ್ಜಿಯ ಪ್ರತಿ ಪಕ್ಷದ ಕಚೇರಿಯಲ್ಲಿದೆ. ಸಂಜೆ ಪಾಳಿ ಬಿಟ್ಟ ಮೇಲೆ, ಅಂಗಡಿ ಮುಚ್ಚಿದ ಮೇಲೆ ಬಂದು ಸಹಿ ಹಾಕಿ. ಮನೆಯ ಹೆಂಗಸರನ್ನೂ ಕರೆತನ್ನಿ, ಅವರ ಸಹಿಗೆ ಮೇಲಿನ ಸಾಲು ಖಾಲಿ ಬಿಟ್ಟಿದ್ದೇವೆ.