ಸೀಟಿಗಲ್ಲ, ಹೊತ್ತಿಗೆ ಬಾಡಿಗೆ ಕೊಡಿ

ಗೋಕರ್ಣದ ಓಂ ಬೀಚಿನಲ್ಲಿ ಐದು ನಿಮಿಷ ನಿಂತರೆ ಸಾಕು, ‘ಡಾಲ್ಫಿನ್, ಡಾಲ್ಫಿನ್’ ಎಂದು ಯಾರಾದರೂ ಕರೆಯುತ್ತಾರೆ. ತಲೆಗೆ ಇಷ್ಟು ಎಂದು ಕೊಟ್ಟು, ಗುರುತಿಲ್ಲದ ಹತ್ತು ಜನರ ನಡುವೆ ಕೂತು, ಅರ್ಧ ಗಂಟೆಯಲ್ಲಿ ಹೋಗಿಬರುವ ಸವಾರಿ ಅದು. ನಾನೂ ಒಮ್ಮೆ ಹೋಗಿದ್ದೆ. ದೂರದಲ್ಲಿ ಬೂದು ಬಣ್ಣದ ಒಂದು ಬೆನ್ನು ಕಂಡಿತು. ನಾಲ್ಕು ದೋಣಿಗಳು ಒಟ್ಟಿಗೆ ಅತ್ತ ನುಗ್ಗಿದವು. ಬೆನ್ನು ಮುಳುಗಿತು. ಎಲ್ಲರ ಮೊಬೈಲಿನಲ್ಲೂ ಬರೀ ನೀರು.

ಎರಡು ವರ್ಷದ ನಂತರ ಅದೇ ಕರಾವಳಿಗೆ ಪುಣೆಯಿಂದ ಮತ್ತೆ ಹೋದಾಗ, ತದಡಿಯಲ್ಲಿ ಒಂದಿಡೀ ದೋಣಿಯನ್ನು ಅರ್ಧ ದಿನಕ್ಕೆ ಗೊತ್ತು ಮಾಡಿಕೊಂಡೆವು. ನಾವು ನಾಲ್ವರು, ದೋಣಿಯವರು ಒಬ್ಬರು. ಅಂದಿನಿಂದ ಈ ಕಡೆಗೆ ಹೊರಟವರಿಗೆಲ್ಲ ನಾನು ಹೇಳುವುದು ಒಂದೇ: ಸೀಟಿಗೆ ದುಡ್ಡು ಕೊಡಬೇಡಿ, ದೋಣಿಯವರ ಹೊತ್ತಿಗೆ ಕೊಡಿ.

ಮುಂಬೈ, ಪುಣೆಯಿಂದ ಕೊಂಕಣ ರೈಲಿನಲ್ಲಿ ಬರುವ ನಮಗೆ ಈ ಕರಾವಳಿ ಕಾಣುವುದು ಸೇತುವೆಗಳ ಮೇಲೆ ಮಾತ್ರ. ಹೊಳೆ ಬಂತು ಎನ್ನುವಷ್ಟರಲ್ಲಿ ಹೋಯಿತು. ಹೆದ್ದಾರಿಯದೂ ಅದೇ ಕತೆ. ಇಲ್ಲಿ ಗುಡ್ಡಗಳು ಸಮುದ್ರದವರೆಗೆ ಚಾಚಿಕೊಂಡಿವೆ. ಅವುಗಳ ಸಂದಿನಲ್ಲಿ ಚಿಕ್ಕ ಚಿಕ್ಕ ಮರಳ ದಂಡೆಗಳು. ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ಗುಡ್ಡ ಹತ್ತಿಳಿದು ನಡೆಯಬೇಕು, ಇಲ್ಲವೇ ದೋಣಿಯಲ್ಲಿ ಹೋಗಬೇಕು. ಒಂದು ಗುಡ್ಡ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದು ನೀರಿನ ಕಡೆಯಿಂದ ನೋಡಿದರೇ ತಿಳಿಯುವುದು.

ಆದರೆ ನೀರಿಗೆ ಅದರದೇ ವೇಳಾಪಟ್ಟಿಯಿದೆ. ಬೆಳಿಗ್ಗೆ ಸಮುದ್ರ ಶಾಂತ. ಮಧ್ಯಾಹ್ನ ಕಡಲ ಗಾಳಿ ಎದ್ದರೆ ಸಣ್ಣ ದೋಣಿ ಕುಣಿಯತೊಡಗುತ್ತದೆ. ಅಘನಾಶಿನಿಯ ಅಳಿವೆಯೊಳಗೆ ಸುಮಾರು ಆರು ಗಂಟೆಗೊಮ್ಮೆ ಉಬ್ಬರ ಹೋಗಿ ಇಳಿತ, ಇಳಿತ ಹೋಗಿ ಉಬ್ಬರ. ನಮ್ಮ ದೋಣಿಯವರು ಮೊದಲು ಹೊರಗೆ, ಬೇಲೆಕಾನಿನಿಂದ ಓಂ ಬೀಚಿನವರೆಗೆ ಕರೆದುಕೊಂಡು ಹೋದರು. ವಾಪಸ್ಸು ಬಂದಾಗ ನೀರು ಇಳಿದಿತ್ತು. ಕಾಂಡ್ಲಾ ಕಾಡಿನ ಕಡೆ ಹೋಗೋಣವೇ ಅಣ್ಣ ಎಂದೆ. “ಈಗ ಹೋದ್ರೆ ದೋಣಿ ಮರಳಿಗೆ ಕೂತ್ಕಂತದೆ. ನೀರು ಏರ್ಲಿ, ಆಮೇಲೆ ಹೋಗ್ವ” ಎಂದು ಎಂಜಿನ್ ನಿಲ್ಲಿಸಿಬಿಟ್ಟರು.

ಕಾದ ಆ ಒಂದೂವರೆ ಗಂಟೆಯೇ ಆ ದಿನದ ಗಳಿಕೆ. ಸೊಂಟದವರೆಗಿನ ನೀರಿನಲ್ಲಿ ಹೆಂಗಸರು ಬಳಚು ಹೆಕ್ಕುತ್ತಿದ್ದರು. ದೋಣಿಯವರ ಮನೆಯವರೂ ಅದನ್ನೇ ಮಾಡುತ್ತಾರಂತೆ. ಆಚೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳಿಕೊಂಡು ಬೆಳೆಯುವ ಕಗ್ಗ ಭತ್ತದ ಮಾತು ಬಂತು. ಈ ಹೊಳೆಗೆ ಎಲ್ಲೂ ಅಣೆಕಟ್ಟಿಲ್ಲ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೂ ಸೇರಿತು. ಇದನ್ನೆಲ್ಲ ನಾನು ಮೊದಲೇ ಓದಿದ್ದೆ. ಇದೇ ತದಡಿಯಲ್ಲಿ ಹಿಂದೆ ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಯೋಜನೆಯಿತ್ತು, ಜನ ವಿರೋಧಿಸಿದ್ದರು ಎಂಬುದನ್ನೂ ಓದಿದ್ದೆ. ಅದು ಬಂದಿದ್ದರೆ ಹೋಗುತ್ತಿದ್ದದ್ದು ಏನು ಎಂಬುದು ಅರ್ಥವಾದದ್ದು ಮಾತ್ರ ಆ ಬುಟ್ಟಿಗಳನ್ನು ನೋಡಿದ ಮೇಲೆ.

ಅರ್ಧ ಗಂಟೆಯ ಸವಾರಿಯಲ್ಲಿ ಇದಕ್ಕೆ ಜಾಗವಿಲ್ಲ. ತಪ್ಪು ದೋಣಿಯವರದಲ್ಲ, ಲೆಕ್ಕದ್ದು. ಸೀಟಿನ ಮೇಲೆ ಸಂಪಾದನೆಯಾದರೆ ಹೆಚ್ಚು ಜನರನ್ನು ಹತ್ತಿಸಬೇಕು, ಬೇಗ ತಿರುಗಿ ಬರಬೇಕು, ಡಾಲ್ಫಿನ್ ಕಂಡರೆ ಬೆನ್ನಟ್ಟಲೇಬೇಕು. ಇಲ್ಲಿನದು ದಡದ ಹತ್ತಿರದ ಆಳವಿಲ್ಲದ ನೀರಿನಲ್ಲಿ ಬದುಕುವ ಹಂಪ್‌ಬ್ಯಾಕ್ ಡಾಲ್ಫಿನ್, ಅಳಿವಿನಂಚಿನ ಜೀವಿ. ಹತ್ತಿಸುವ ಆಸೆಗೆ ಮನುಷ್ಯರೂ ಬೆಲೆ ತೆತ್ತಿದ್ದಾರೆ. 2019ರ ಜನವರಿಯಲ್ಲಿ ಕಾರವಾರದ ಹತ್ತಿರದ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಮಕ್ಕಳೂ ಸೇರಿ ಹಲವರು ತೀರಿಕೊಂಡರು. ಮಿತಿ ಮೀರಿ ಜನ ಹತ್ತಿದ್ದರೆಂದು ಆಗ ವರದಿಯಾಗಿತ್ತು. ಇಡೀ ದೋಣಿಗೆ, ಇಡೀ ಹೊತ್ತಿಗೆ ದುಡ್ಡು ಸಂದಾಯವಾದರೆ ಇನ್ನೊಬ್ಬರನ್ನು ತುರುಕುವ ಅಗತ್ಯವೇ ಇರುವುದಿಲ್ಲ.

ಇದೇ ಕಾರವಾರಕ್ಕೆ, ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ, ಇಪ್ಪತ್ತರ ಹರೆಯದ ರವೀಂದ್ರನಾಥ ಟ್ಯಾಗೋರ್ ಬಂದಿದ್ದರು. ದೋಣಿಯಲ್ಲಿ ಕಾಳಿ ಹೊಳೆಯ ಮೇಲಕ್ಕೆ ಹೋಗಿ, ರೈತರೊಬ್ಬರ ಅಂಗಳದಲ್ಲಿ ಉಂಡು, ಬೆಳದಿಂಗಳಲ್ಲಿ ತೇಲುತ್ತ ಹಿಂತಿರುಗಿದ್ದನ್ನು ಅವರು ನೆನಪುಗಳಲ್ಲಿ ಬರೆದಿದ್ದಾರೆ. ಅಳಿವೆ ಮುಟ್ಟುವಾಗ ತೀರ ತಡವಾಗಿತ್ತು. ಅಲ್ಲಿಂದ ಮರಳ ಮೇಲೆ ನಡೆದೇ ಮನೆಗೆ ಹೋದರು. ಅವರನ್ನು ಯಾರೂ ಅವಸರ ಮಾಡಿರಲಿಲ್ಲ.

ಖಾಸಗಿ ದೋಣಿ ಎಂದರೆ ದುಡ್ಡಿದ್ದವರ ಶೋಕಿಯಲ್ಲವೇ ಎಂದು ಗೆಳತಿಯೊಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಒಬ್ಬರೇ ಹೋದರೆ ದುಬಾರಿ. ನಾಲ್ಕೈದು ಜನ ಹಂಚಿಕೊಂಡರೆ ನಮಗೆ ಬಿದ್ದದ್ದು ರೆಸಾರ್ಟಿನ ಒಂದು ಊಟದಷ್ಟು. ಅಷ್ಟೂ ಆಗದವರಿಗೆ ತದಡಿಯಿಂದ ಹೊಳೆಯಾಚೆಯ ಅಘನಾಶಿನಿ ಊರಿಗೆ ಜನ ದಿನವೂ ದಾಟುವ ದೋಣಿಯಿದೆ, ಅದರಲ್ಲಿ ಹೋಗಿಬಂದರೂ ನಷ್ಟವಿಲ್ಲ. ಇನ್ನು ಖಾಸಗಿ ಎನ್ನುವ ಮಾತು. ಬೇಲಿ ಹಾಕಿದ ದಡವೂ ಖಾಸಗಿಯೇ, ಅರ್ಧ ದಿನಕ್ಕೆ ಹಿಡಿದ ದೋಣಿಯೂ ಖಾಸಗಿಯೇ. ಮೊದಲನೆಯದರಲ್ಲಿ ಊರಿನವರು ಹೊರಗಾಗುತ್ತಾರೆ. ಎರಡನೆಯದರಲ್ಲಿ ಊರಿನವರೊಬ್ಬರ ಮಾತಿನಂತೆ ನಾವು ನಡೆಯಬೇಕಾಗುತ್ತದೆ. ದುಡ್ಡೂ ನೇರ ಅವರ ಕೈಗೇ ಸೇರುತ್ತದೆ.

ಹೊರಡುವವರಿಗೆ ಕೆಲವು ಮಾತು. ಮಳೆಗಾಲ ಬೇಡ, ಅಕ್ಟೋಬರ್ ಕಳೆಯಲಿ. ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ. ತಂದ ಪ್ಲಾಸ್ಟಿಕ್ ವಾಪಸ್ಸು ತನ್ನಿ. ರಸ್ತೆಯಿಲ್ಲದ ದಂಡೆಗೆ ಕಸದ ಗಾಡಿಯೂ ಬರುವುದಿಲ್ಲ. ಡಾಲ್ಫಿನ್ ಕಂಡರೆ ಎಂಜಿನ್ ನಿಲ್ಲಿಸಲು ಹೇಳಿ. ನಾವು ಹಾಗೆ ನಿಲ್ಲಿಸಿ ಕೂತಿದ್ದಾಗ ಮೂರು ಡಾಲ್ಫಿನ್‌ಗಳು ನಮ್ಮ ಪಕ್ಕದಲ್ಲೇ ಹಾದುಹೋದವು. ಫೋಟೋ ತೆಗೆಯುವುದು ಯಾರಿಗೂ ನೆನಪಾಗಲಿಲ್ಲ.