ಬೆಳೆಗೂ ಬೇಳೆಗೂ ನಡುವೆ ಒಂದು ಮಾತ್ರೆ

ಸೊಲ್ಲಾಪುರದ ನಮ್ಮ ಓಣಿಯಲ್ಲಿ ಏಳು ವರುಷದ ಹುಡುಗಿಯೊಬ್ಬಳಿದ್ದಾಳೆ. ಮನೆಮಾತು ಕನ್ನಡ, ಶಾಲೆ ಮರಾಠಿಯದು. ರಜೆಯಲ್ಲಿ ಅಕ್ಕಲಕೋಟೆ ತಾಲೂಕಿನ ಅಜ್ಜನ ಊರಿಗೆ ಹೋದಾಗ, ಹೊಲದಲ್ಲಿ ಕಂಡುದನ್ನೆಲ್ಲ ತನಗೆ ಬರುವ ಬಾಳಬೋಧ ಲಿಪಿಯಲ್ಲಿ ಕನ್ನಡ ಮಾತುಗಳಾಗಿಯೇ ಬರೆದುಕೊಂಡು, ರಾತ್ರಿ ಎಲ್ಲರೆದುರು ಓದಿದಳು. “ಹೊಲದಲ್ಲಿ ತೊಗರಿ ಬೇಳೆ ಎದೆಯೆತ್ತರ ನಿಂತಿದೆ” ಎಂದೊಡನೆ ಮನೆಮಂದಿಯೆಲ್ಲ ಗೊಳ್ಳೆಂದು ನಕ್ಕರು. ಹೊಲದಲ್ಲಿ ನಿಲ್ಲುವುದು ಬೆಳೆ. ಬೇಳೆ ಇರುವುದು ಅಡುಗೆಯ ಮನೆಯ ಡಬ್ಬಿಯಲ್ಲಿ. ನಗೆಯೇನೋ ಕ್ಷಣಮಾತ್ರದ್ದು; ಆದರೆ ಅಂದಿನಿಂದ ಆ ಮಗು ಅಜ್ಜನೊಡನೆ ಮರಾಠಿಯಲ್ಲಿಯೇ ಮಾತನಾಡತೊಡಗಿತು.

ವಾಚಕ ಸೋದರಿಯರೇ, ಇಲ್ಲಿ ಮಗುವಿನ ತಪ್ಪಿಲ್ಲ. ಕನ್ನಡದಲ್ಲಿ ಎಕಾರ ಒಕಾರಗಳಿಗೆ ಹ್ರಸ್ವವೂ ಉಂಟು, ದೀರ್ಘವೂ ಉಂಟು. ಮರಾಠಿಯ ವರ್ಣಮಾಲೆಯಲ್ಲಿ ಈ ಭೇದಕ್ಕೆ ಬೇರೆ ಬೇರೆ ಅಕ್ಷರಗಳಿಲ್ಲ. ಆ ಲಿಪಿಯಲ್ಲಿ ಬರೆದಾಗ ಬೆಳೆ ಮತ್ತು ಬೇಳೆ, ಕೊಡು ಮತ್ತು ಕೋಡು ಒಂದೇ ರೂಪ ತಾಳುತ್ತವೆ. ಕಣ್ಣು ಕಾಣದ ಈ ಅಂತರವನ್ನು ಕಿವಿ ಹಿಡಿಯಬೇಕು. ಕಿವಿಗೆ ಅದನ್ನು ಕಲಿಸುವ ಸುಲಭ ಸಾಧನವೆಂದರೆ ತಾಳ. ಗಡಿಯಾಚೆಯ ನಮ್ಮ ಮನೆಗಳಲ್ಲಿ ತಾಳದ ಪಾಠ ಸಂಗೀತದ ಮೊದಲ ಮೆಟ್ಟಿಲಷ್ಟೇ ಅಲ್ಲ, ತಾಯ್ನುಡಿಯ ಪಾಠವೂ ಹೌದು.

ಇದಕ್ಕೆ ತಬಲಾ ಬೇಡ, ಹಾರ್ಮೋನಿಯಂ ಬೇಡ. ದಿನಕ್ಕೆ ಹತ್ತು ನಿಮಿಷ ಸಾಕು. ಮೊದಲ ಪಾಠ ನಡಿಗೆಯದು. ಸಂಕ್ರಾಂತಿಯ ಜಾತ್ರೆಯಲ್ಲಿ ಸಿದ್ಧರಾಮೇಶ್ವರನ ಏಳು ನಂದಿಧ್ವಜಗಳ ಮೆರವಣಿಗೆಯನ್ನು ತಂದೆಯ ಹೆಗಲೇರಿ ನೋಡುವ ಕೂಸು, ವಾದ್ಯದ ಪೆಟ್ಟು ಕೇಳಿದೊಡನೆ ಕಾಲಾಡಿಸುತ್ತದೆ. ಲಯ ಮೊದಲು ಬರುವುದು ಮೈಗೆ. ಎಣಿಕೆ ಬರುವುದು ಅನಂತರ. ಆದುದರಿಂದ ಮೂರು ನಾಲ್ಕು ವರುಷದ ಮಗುವಿನ ಕೈಹಿಡಿದು ಅಂಗಳದಲ್ಲಿ ಸಮನಾಗಿ ಹೆಜ್ಜೆ ಹಾಕಿರಿ, ಚಪ್ಪಾಳೆ ತಟ್ಟಿರಿ. ಚಿಕ್ಕಮಕ್ಕಳ ಸಹಜ ಗತಿ ನಮ್ಮದಕ್ಕಿಂತ ಚುರುಕು. ಹೊರಗಿನ ಲಯಕ್ಕೆ ಕೈಗೂಡಿಸುವುದು ಆ ವಯಸ್ಸಿಗೆ ಕಷ್ಟ. ಅದನ್ನು ನಮ್ಮ ನಿಧಾನಕ್ಕೆ ಎಳೆಯದೆ, ನಾವೇ ಅದರ ಹೆಜ್ಜೆಗೆ ಸೇರಿಕೊಳ್ಳಬೇಕು.

ಐದಾರು ವರುಷಕ್ಕೆ ಎರಡನೆಯ ಪಾಠ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು; ಒತ್ತಕ್ಷರದ ಹಿಂದಿನ ಅಕ್ಷರಕ್ಕೂ, ಸೊನ್ನೆಯಿರುವ ಅಕ್ಷರಕ್ಕೂ ಎರಡು. ಛಂದಸ್ಸಿನ ಈ ಲಘುಗುರುಗಳ ಹೆಸರನ್ನು ಮಗುವಿಗೆ ಹೇಳಬೇಕಾಗಿಲ್ಲ. ಮಾತ್ರೆಗೊಂದರಂತೆ ತೊಡೆಯ ಮೇಲೆ ತಟ್ಟುತ್ತ ‘ತೊಗರಿ ಬೇಳೆ’ ಎನ್ನಿಸಿರಿ. ತೊಗರಿಗೆ ಮೂರು ಪೆಟ್ಟು. ‘ಬೇ’ ಎಂಬುದಕ್ಕೆ ಎರಡು, ‘ಳೆ’ ಎಂಬುದಕ್ಕೆ ಒಂದು, ಅಲ್ಲಿಯೂ ಮೂರು. ಮೂರು ಮೂರರ ಈ ಆರು ಮಾತ್ರೆಯೇ ತಬಲಜಿಗಳ ದಾದರಾ: ಧಾ ಧಿ ನಾ, ಧಾ ತಿ ನಾ. ಮೊದಲ ಮಾತ್ರೆಗೆ ಚಪ್ಪಾಳೆ, ನಾಲ್ಕನೆಯದಕ್ಕೆ ಬರಿಗೈ ಬೀಸುವುದು.

ಇದು ಕೈಗೆ ಕುಳಿತ ಮೇಲೆ ‘ತೊಗರಿ ಬೆಳೆ’ ಎನ್ನಿಸಿ ನೋಡಿರಿ. ಐದಕ್ಕೇ ಮಾತು ಮುಗಿದು, ಆರನೆಯ ಪೆಟ್ಟು ಮಾತಿಲ್ಲದೆ ಉಳಿಯುತ್ತದೆ. ಮಗು ತಾನಾಗಿ ನಗುತ್ತದೆ. ಒಂದು ಮಾತ್ರೆ ಕಡಿಮೆಯಾದರೆ ಅಡುಗೆಯ ಮನೆಯಿಂದ ಹೊಲಕ್ಕೆ ಹೋಗಿಬಿಟ್ಟೆವೆಂದು ಅದಕ್ಕೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ಕಡೆಯ ಆಡುಮಾತಿನಲ್ಲಿ ಬ್ಯಾಳಿ, ಬೆಳಿ ಎನ್ನುವವರಿಗೂ ಅಂಜಿಕೆಯಿಲ್ಲ. ಉಚ್ಚಾರ ಬದಲಾದರೂ ಮಾತ್ರೆ ಬದಲಾಗಿಲ್ಲ.

ಮೂರನೆಯ ಪಾಠ ಊಟದ ತಟ್ಟೆಯಲ್ಲಿದೆ. ‘ಜೋಳದ’ ಎಂದರೆ ನಾಲ್ಕು, ‘ರೊಟ್ಟಿ’ ಎಂದರೆ ಮೂರು. ‘ಶೇಂಗಾ’ ನಾಲ್ಕು, ‘ಹಿಂಡಿ’ ಮೂರು. ‘ಅಕ್ಕಲ’ ನಾಲ್ಕು, ‘ಕೋಟೆ’ ಮೂರು. ಮೂರಕ್ಕೂ ನಡೆ ಒಂದೇ: ತಕಧಿಮಿ ತಕಿಟ. ಇನ್ನು ‘ಸೊಲ್ಲಾಪುರ’ ಎಂದರೆ ಆರು ಮಾತ್ರೆಯಾದರೂ ಅದು ದಾದರಾ ಆಗದು. ‘ಸೊಲ್ಲಾ’ ನಾಲ್ಕು, ‘ಪುರ’ ಎರಡು. ಎಣಿಕೆ ಒಂದೇ ಆದರೂ ನಡೆ ಬೇರೆಯಾಗಬಹುದೆಂಬ ದೊಡ್ಡ ತತ್ತ್ವವನ್ನು ಮಗು ತನ್ನ ಊರಿನ ಹೆಸರಿನಿಂದಲೇ ಅರಿಯುತ್ತದೆ.

ಈಗ ಮಾತುಗಳನ್ನು ತಿರುಗಿಸಿರಿ: ‘ರೊಟ್ಟಿ ಜೋಳದ ಹಿಂಡಿ ಶೇಂಗಾ’. ಮೂರು, ನಾಲ್ಕು, ಮೂರು, ನಾಲ್ಕು. ಒಟ್ಟು 14 ಮಾತ್ರೆ. ಕುಮಾರವ್ಯಾಸನು ತನ್ನ ಭಾರತವನ್ನು ಬರೆದ ಭಾಮಿನಿ ಷಟ್ಪದಿಯ ಮೊದಲ ಸಾಲಿನ ಗಣವಿನ್ಯಾಸ ಇದೇ. ಹಿಂದುಸ್ತಾನಿ ಸಂಗೀತದ ದೀಪಚಂದಿ ತಾಳದ ವಿಭಾಗವೂ ಇದೇ. ಎರಡನ್ನೂ ಕೂಡಿಸುವ ಈ ಹೆಜ್ಜೆ ನಮ್ಮ ಮಕ್ಕಳಿಗೆ ರೊಟ್ಟಿ ಹಿಂಡಿಯ ಹೆಸರಿನಲ್ಲಿ ದೊರೆಯುವುದಾದರೆ, ಅದಕ್ಕಿಂತ ಅಗ್ಗದ ಶಿಕ್ಷಣ ಬೇರೆಲ್ಲಿದೆ?

ಇದು ಕೇವಲ ನಮ್ಮ ಅಭಿಮಾನದ ಮಾತೆಂದು ತಿಳಿಯಬಾರದು. ಹಂಗೇರಿಯ ಸಂಗೀತಗಾರ ಜೋಲ್ತಾನ್ ಕೊಡಾಯ್ (1882–1967) ಮಕ್ಕಳ ಸಂಗೀತಶಿಕ್ಷಣ ತಾಯ್ನುಡಿಯ ಜನಪದ ಹಾಡುಗಳಿಂದಲೇ ತೊಡಗಬೇಕೆಂದು ಪ್ರತಿಪಾದಿಸಿದನು. ಜರ್ಮನಿಯ ಕಾರ್ಲ್ ಓರ್ಫ್ (1895–1982) ರೂಪಿಸಿದ ಪದ್ಧತಿಯಲ್ಲಿಯೂ ಮಕ್ಕಳು ಹೆಸರುಗಳನ್ನೂ ಆಡುಮಾತುಗಳನ್ನೂ ಲಯಬದ್ಧವಾಗಿ ನುಡಿದು, ತಟ್ಟಿ, ಆಮೇಲೆ ವಾದ್ಯಕ್ಕೆ ಕೈಹಚ್ಚುತ್ತಾರೆ. ನಮ್ಮ ಅಜ್ಜಿಯರು ಕೂಸನ್ನು ಕಾಲಮೇಲೆ ಕೂರಿಸಿಕೊಂಡು ತೂಗುತ್ತ ಮಾಡಿದುದು ಇದಕ್ಕಿಂತ ಬಹಳ ಬೇರೆಯಲ್ಲ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಮಗು ತಾಳ ತಪ್ಪಿದಾಗ ನಗಬಾರದು, ಕೈಹಿಡಿದು ನಿಲ್ಲಿಸಲೂಬಾರದು. ನೀವು ಸಮನಾಗಿ ತಟ್ಟುತ್ತಿರಿ. ತಪ್ಪಿದ ಕೈ ಎರಡು ಸುತ್ತಿನಲ್ಲಿ ತಾನೇ ಬಂದು ಸೇರುತ್ತದೆ. ಭಾಷೆಗೂ ಇದೇ ಮಾತು. ತಪ್ಪು ಕನ್ನಡವಾಡುವ ಮಗುವಿನೆದುರು ಸರಿಯಾದ ಕನ್ನಡವನ್ನು ಆಡುತ್ತ ಹೋಗುವುದೇ ತಿದ್ದುವ ಬಗೆ. ನಕ್ಕರೆ ಅದು ತಿದ್ದಿಕೊಳ್ಳುವುದಿಲ್ಲ, ಮೌನವಾಗುತ್ತದೆ.

ಆ ಹುಡುಗಿಯೊಡನೆ ಈ ಆಟವನ್ನು ಆಡತೊಡಗಿ ಎರಡು ತಿಂಗಳಾಯಿತು. ಕನ್ನಡದ ಅಕ್ಷರಗಳನ್ನು ಅವಳಿನ್ನೂ ಪೂರ್ತಿಯಾಗಿ ಕಲಿತಿಲ್ಲ. ಆದರೆ ಮೊನ್ನೆ ಅಜ್ಜ ಬಂದಾಗ ಅವರ ಮೊಳಕಾಲಿನ ಮೇಲೆ ಐದು ಪೆಟ್ಟು ತಟ್ಟಿ, “ಅಜ್ಜಾ, ಇದು ಹೊಲದಾಗ ಇರತೈತಿ” ಎಂದಳು. ಆರು ತಟ್ಟಿ, “ಇದು ಗಡಿಗ್ಯಾಗ” ಎಂದಳು. ಅಜ್ಜ ಈ ಸಲವೂ ನಕ್ಕರು. ಅವಳೂ ಜೊತೆಗೆ ನಕ್ಕಳು.