ಹೊರೆಯನ್ನೆಳೆಯುವ ಗುಟ್ಟು

ಕುರುಡುಮಲೆಯ ಗಣಪತಿಯ ಸನ್ನಿಧಿಯಲ್ಲಿ ನಿಂತು, ಆಳೆತ್ತರವನ್ನು ಮೀರಿದ ಆ ಏಕಶಿಲಾಮೂರ್ತಿಯನ್ನು ನೋಡಿದವರಿಗೆ ಭಕ್ತಿಯೊಡನೆ ಒಂದು ಕುತೂಹಲವೂ ಹುಟ್ಟುವುದು ಸಹಜ: ಇಷ್ಟು ಭಾರವನ್ನು ಅಂದಿನವರು ಹೇಗೆ ಕದಲಿಸಿದರು? ಅದೇ ಕೋಲಾರದ ಸೀಮೆಯಲ್ಲಿ, 1894ರಲ್ಲಿ, ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲುದಾರಿ ಆಯಿತು. ಚಿನ್ನದ ಗಣಿಗಳಿಗೆ ಬೇಕಾದ ಯಂತ್ರಗಳ ಹೊರೆಯು ಎತ್ತಿನ ಹೆಗಲಿನಿಂದ ಉಗಿಯ ಎಂಜಿನಿಗೆ ಬಂದಿತು.

ಆದರೆ ಎಂಜಿನಿಗೆ ಉಗಿಯ ಬಲವೊಂದೇ ಸಾಲದು. ಕೆಸರಿನಲ್ಲಿ ಎತ್ತಿನ ಗೊರಸು ಜಾರುವಂತೆ, ನುಣುಪಾದ ಹಳಿಯ ಮೇಲೆ ಚಕ್ರವು ಜಾರಿ ನಿಂತಲ್ಲಿಯೇ ತಿರುಗಿದರೆ ಉಗಿಯೆಲ್ಲವೂ ವ್ಯರ್ಥ. ಚಕ್ರಕ್ಕೆ ಹಿಡಿತ ಬರಬೇಕಾದರೆ ಎಂಜಿನು ಭಾರವಾಗಿರಬೇಕು. ಅತಿ ಭಾರವಾದರೆ ಹಳಿಯೇ ತಡೆಯದು. 1804ರಲ್ಲಿ ವೇಲ್ಸ್ ನಾಡಿನಲ್ಲಿ ಟ್ರೆವಿಥಿಕ್ಕನ ಎಂಜಿನು 10 ಟನ್ನು ಕಬ್ಬಿಣವನ್ನೆಳೆದು ಗೆದ್ದಿತು. ಎರಕದ ಹಳಿಗಳು ಮಾತ್ರ ಅದರ ಭಾರಕ್ಕೆ ಮುರಿದುವು.

ಇದಕ್ಕೆ ಕಂಡುಕೊಂಡ ಉಪಾಯವು, ಭಾರವನ್ನು ಹೆಚ್ಚು ಚಕ್ರಗಳಿಗೆ ಹಂಚುವುದು. ನಮ್ಮ ದೇಶದ ಎರಡು ಎಂಜಿನುಗಳನ್ನೇ ನೋಡಿರಿ. ಪ್ರಯಾಣಿಕರ ಗಾಡಿಯ ಡಬ್ಲ್ಯುಪಿಗೂ ಮಾಲುಗಾಡಿಯ ಡಬ್ಲ್ಯುಜಿಗೂ ಬಾಯ್ಲರು ಒಂದೇ ಮಾದರಿಯದು. ಮೊದಲನೆಯದಕ್ಕೆ 5 ಅಡಿ 7 ಅಂಗುಲದ ಆರು ಚಾಲಕ ಚಕ್ರಗಳು. ಎರಡನೆಯದಕ್ಕೆ 5 ಅಡಿ 1½ ಅಂಗುಲದ ಎಂಟು. ಹೊರೆ ಹೊತ್ತು ಬೆಟ್ಟವೇರುವವನು ಸಣ್ಣ ಹೆಜ್ಜೆಯಿಡುವಂತೆ, ಸಣ್ಣ ಚಕ್ರವು ವೇಗವನ್ನು ಬಿಟ್ಟುಕೊಟ್ಟು ಬಲವನ್ನು ಪಡೆಯುವುದು. ಸಿಲಿಂಡರುಗಳೂ ತುಸು ದೊಡ್ಡವಾದುದರಿಂದ, ಎಳೆಯುವ ಶಕ್ತಿಯು ಸುಮಾರು 30,600 ಪೌಂಡಿನಿಂದ 38,890 ಪೌಂಡಿಗೆ ಏರಿತು. ಬಂಗಾಳ ನಾಗಪುರ ರೈಲ್ವೆಯವರಾದರೋ 1930ರ ಸುಮಾರಿಗೆ ಹದಿನಾರು ಚಾಲಕ ಚಕ್ರಗಳ ಗ್ಯಾರಟ್ ಎಂಜಿನುಗಳನ್ನೇ ತರಿಸಿದರು. ಅವುಗಳಲ್ಲೊಂದನ್ನು ದೆಹಲಿಯ ರೈಲು ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಣಬಹುದು.

ಈ ಬಲಕ್ಕೆ ಬೆಲೆಯೂ ಇತ್ತು. ಡಬ್ಲ್ಯುಜಿಯ ಒಲೆಗೆ ಕಲ್ಲಿದ್ದಲನ್ನು ಸಲಿಕೆಯಿಂದಲೇ ಎಸೆಯಬೇಕಾಗಿದ್ದಿತು. ಅಡಿಗೆಯ ಒಲೆಯ ಮುಂದೆ ಬೆಂದವರು, ಆ ಬೆಂಕಿಯ ಬಾಯಿಯ ಮುಂದೆ ಗಂಟೆಗಟ್ಟಲೆ ದುಡಿದವನ ಬೆವರನ್ನು ಊಹಿಸಬಲ್ಲರು. ಚಿತ್ತರಂಜನದಲ್ಲಿ 1950ರಲ್ಲಿ ಆರಂಭವಾದ ಉಗಿಯೆಂಜಿನುಗಳ ನಿರ್ಮಾಣವು 1972ರ ಹೊತ್ತಿಗೆ ಡೀಸೆಲ್ಲಿಗೂ ವಿದ್ಯುತ್ತಿಗೂ ಎಡೆಮಾಡಿಕೊಟ್ಟುದರಲ್ಲಿ ಆಶ್ಚರ್ಯವಿಲ್ಲ.

ಎಂಜಿನು ಹೋದರೂ ಅದು ಕಲಿಸಿದ ಪಾಠವು ಉಳಿದಿದೆ. ಒಂದೇ ಚಕ್ರದ ಮೇಲೆ ಹೇರಿದ ಭಾರವು ದಾರಿಯನ್ನೇ ಮುರಿಯುವುದು. ಹಂಚಿಕೊಂಡ ಭಾರವು ಊರನ್ನು ಸೇರುವುದು. ಸಂಸಾರದ ಬಂಡಿಗೂ ಈ ಮಾತು ಸಲ್ಲದೆ?